ಊರಿಗೆ ಬಂದವರು ನೀರಿಗೂ ಬರಲಿ

(ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಮನೆ ಕೊಡಬೇಕು ಎಂದುಕೊಂಡಿರುವ ಕೆಲವರ ಎದುರು ಚಿತ್ರದುರ್ಗದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಬೆಳೆದಿದೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಓಣಿಯ ಹಿರಿಯರೊಬ್ಬರು ಹೋದ ತಿಂಗಳು ನನ್ನನ್ನು ನಿಲ್ಲಿಸಿ ಕೇಳಿದರು. "ಮಕ್ಕಳಿಬ್ಬರೂ ಬೆಂಗಳೂರು ಸೇರಿದರು. ಮೇಲಿನ ಮನೆ ಖಾಲಿ ಬಿದ್ದಿದೆ. ಕೋಟೆ ನೋಡೋಕೆ ಬರೋರಿಗೆ ಒಂದು ದಿನ, ಎರಡು ದಿನಕ್ಕೆ ಕೊಟ್ಟರೆ ಹೆಂಗೆ? ನೀವು ಅಂಥ ಮನೆಗಳಲ್ಲಿ ಉಳಿದು ಬಂದೋರು, ಹೇಳಿ." ಇಲ್ಲಿ ಕೂತಿರುವ ಹಲವರ ಮನಸ್ಸಿನಲ್ಲೂ ಅದೇ ಲೆಕ್ಕ ಇದೆ. ನಾನು ಮನೆ ಕೊಟ್ಟವನಲ್ಲ, ಉಳಿದವನು. ಹತ್ತು ವರ್ಷಕ್ಕೂ ಮೇಲಾಯಿತು, ಹೊರಟಾಗೆಲ್ಲ ಲಾಡ್ಜ್ ಬಿಟ್ಟು ಮನೆಗಳನ್ನೇ ಹುಡುಕುತ್ತೇನೆ. ಹೆಂಡತಿ, ಮಕ್ಕಳು, ಜೊತೆಗೆ ಅವ್ವ. ಹಾಗಾಗಿ ನನ್ನ ಮಾತೆಲ್ಲ ಬಂದು ಉಳಿಯುವವರ ಕಡೆಯಿಂದಲೇ.

ನಮ್ಮಲ್ಲಿ ಒಂದು ಗಾದೆ ಇದೆ, ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ ಅಂತ. ಲಾಡ್ಜಿನಲ್ಲಿ ಉಳಿದವರು ಊರಿಗೆ ಬರುತ್ತಾರೆ, ನೀರಿಗೆ ಬರುವುದಿಲ್ಲ. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ಅದು ಯಾವ ಕೆರೆಯದು, ಯಾರು ಮೋಟಾರು ಹಾಕಿದರು, ಟ್ಯಾಂಕ್ ತುಂಬಿದೆಯಾ, ಒಂದೂ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ. ದುಡ್ಡು ಕೊಟ್ಟಿರುವುದೇ ಅದಕ್ಕೆ. ಮನೆಯಲ್ಲಿ ಉಳಿದವರು ಹಾಗಲ್ಲ. ಅವರಿಗೆ ಸಂಪು ಗೊತ್ತಾಗುತ್ತದೆ, ಹಾಲಿನವನು ಗೊತ್ತಾಗುತ್ತಾನೆ, ಎದುರು ಮನೆಯ ಅಜ್ಜಿಯ ಕೆಮ್ಮೂ ಗೊತ್ತಾಗುತ್ತದೆ. ಒಳ್ಳೆಯದೂ ಕೆಟ್ಟದ್ದೂ ಎರಡೂ ಅಲ್ಲಿಂದಲೇ ಹುಟ್ಟುವುದು.

ಮೊದಲು ಒಳ್ಳೆಯದು ಹೇಳುತ್ತೇನೆ.

2015ರ ಬೇಸಿಗೆ ರಜೆಯಲ್ಲಿ ಮೈಸೂರಿಗೆ ಹೋದೆವು. ಅದಕ್ಕೆ ಮೊದಲು ಎಲ್ಲಿ ಹೋದರೂ ಲಾಡ್ಜಿನಲ್ಲಿ ಎರಡು ರೂಮು ಹಿಡಿಯುತ್ತಿದ್ದೆವು. ಅವ್ವ ಒಂದರಲ್ಲಿ, ನಾವು ಇನ್ನೊಂದರಲ್ಲಿ. ಅವ್ವನಿಗೆ ಬೆಳಿಗ್ಗೆ ನಾಲ್ಕೂವರೆಗೆ ಎಚ್ಚರ. ಲಾಡ್ಜಿನಲ್ಲಿ ಏಳು ಗಂಟೆಯವರೆಗೆ ಟೀ ಇಲ್ಲ. ಅಷ್ಟು ಹೊತ್ತು ದೀಪ ಹಾಕದೆ ಮಂಚದ ಮೇಲೆ ಸುಮ್ನೆ ಕೂತಿರುತ್ತಿದ್ದಳು. ಎಷ್ಟೋ ವರ್ಷ ನಮಗೆ ಅದು ಗೊತ್ತೇ ಇರಲಿಲ್ಲ.

ಆ ಸಲ ಕುವೆಂಪುನಗರದಲ್ಲಿ ಒಂದು ಮಹಡಿ ಮನೆ ಸಿಕ್ಕಿತು. ಕೆಳಗೆ ಮನೆಯೊಡತಿ ಇದ್ದರು, ಕೆಲಸದಿಂದ ನಿವೃತ್ತರಾದ ಹೆಂಗಸು. ಅಡುಗೆಮನೆಯ ಒಂದೊಂದು ಡಬ್ಬಿಗೂ ಚೀಟಿ ಅಂಟಿಸಿದ್ದರು. ಸ್ವಿಚ್ ಬೋರ್ಡಿನ ಪಕ್ಕ ಇನ್ನೊಂದು ಚೀಟಿ: "ಮೂರನೇ ಸ್ವಿಚ್ ಗೀಸರ್‌ನದು. ಹದಿನೈದು ನಿಮಿಷ ಸಾಕು." ಫ್ರಿಜ್ಜಿನ ಮೇಲೆ ಮತ್ತೊಂದು: "ಆರು ಗಂಟೆಗೆ ಹಾಲಿನವನು ಬರುತ್ತಾನೆ. ನಿಮ್ಮ ಲೆಕ್ಕಕ್ಕೆ ಒಂದು ಲೀಟರ್ ಹೇಳಿದ್ದೇನೆ." ಅವ್ವ ಮನೆಯಿಂದ ರಾಗಿ ಹಿಟ್ಟು ಕಟ್ಟಿಕೊಂಡು ಬಂದಿದ್ದಳು. ಮುದ್ದೆ ಕೋಲು ಇರಲಿಲ್ಲ. ಕೆಳಗಿನವರು ತಮ್ಮದನ್ನು ತಂದುಕೊಟ್ಟರು, ಮುದ್ದೆ ತಿರುವುವುದನ್ನು ನೋಡುತ್ತಾ ಅಲ್ಲೇ ನಿಂತರು. ರಾತ್ರಿ ಅವರೂ ನಮ್ಮ ಜೊತೆ ಉಂಡರು. ಅರಮನೆ ನೋಡಿದ್ದು ಮಕ್ಕಳಿಗೆ ನೆನಪಿದೆ. ಅವ್ವನಿಗೆ ನೆನಪಿರುವುದು ಬೆಳಗಿನ ಜಾವ ನಾಲ್ಕೂಮುಕ್ಕಾಲಕ್ಕೆ ತಾನೇ ಟೀ ಕಾಸಿಕೊಂಡು ಬಾಲ್ಕನಿಯಲ್ಲಿ ಕೂತು ಕುಡಿದದ್ದು.

ಆ ಮನೆಯಲ್ಲಿ ಟಿವಿ ಹಳೆಯದು. ಸೋಫಾದ ಬಟ್ಟೆ ಸವೆದಿತ್ತು. ಅದು ಯಾರಿಗೂ ಮುಖ್ಯ ಅನಿಸಲಿಲ್ಲ. ಬರುವವರಿಗೆ ಏನು ಬೇಕಾದೀತು ಅಂತ ಯಾರೋ ಕೂತು ಯೋಚಿಸಿದ್ದರು. ಅದು ಮುಖ್ಯ.

ಇದು ಹೊಸ ಕಂಪನಿಗಳು ಕಂಡುಹಿಡಿದ ವಿದ್ಯೆಯೇನಲ್ಲ. ದಿನದ ಲೆಕ್ಕದಲ್ಲಿ ಮನೆ ಕೊಡಿಸುವ ಆಪ್ ಏರ್‌ಬಿಎನ್‌ಬಿ ಶುರುವಾದ ಕತೆ ನೀವು ಕೇಳಿರಬಹುದು. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಇಬ್ಬರು ಹುಡುಗರಿಗೆ ಮನೆ ಬಾಡಿಗೆ ಕಟ್ಟುವುದು ಕಷ್ಟವಾಗಿತ್ತು. ಊರಲ್ಲಿ ದೊಡ್ಡ ಸಮ್ಮೇಳನ ಇತ್ತು, ಹೋಟೆಲ್ ರೂಮುಗಳೆಲ್ಲ ತುಂಬಿದ್ದವು. ಗಾಳಿ ತುಂಬುವ ಹಾಸಿಗೆಗಳನ್ನು ಹಾಸಿ ಮೂವರಿಗೆ ಜಾಗ ಕೊಟ್ಟರು. ಆ ಮೂವರಲ್ಲಿ ಒಬ್ಬರು ನಮ್ಮ ದೇಶದಿಂದ ಓದಲು ಹೋಗಿದ್ದವರು. ಮರುವರ್ಷ ಅದು ಕಂಪನಿಯಾಯಿತು. ಆದರೆ ನಮ್ಮ ಹಳ್ಳಿ ಮನೆಗಳ ಜಗುಲಿ ಯಾಕಿತ್ತು ಹೇಳಿ? ದಾರಿಹೋಕರು ಬಂದು ಕೇಳಿದರೆ ಚಾಪೆ, ತಂಬಿಗೆ ನೀರು ಅಲ್ಲೇ ಸಿಗುತ್ತಿತ್ತು. ಮಠಗಳಲ್ಲಿ ದಾಸೋಹ ಇತ್ತು, ಊರೂರಲ್ಲಿ ಛತ್ರಗಳಿದ್ದವು. ಕೊಡಗು, ಚಿಕ್ಕಮಗಳೂರಿನ ತೋಟದ ಮನೆಗಳೂ ಆಪ್ ನೋಡಿ ಬಾಗಿಲು ತೆರೆದವಲ್ಲ.

ಈಗ ಕೆಟ್ಟದ್ದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

2019ರಲ್ಲಿ ಅವ್ವನಿಗೆ ಬೆಂಗಳೂರಿನಲ್ಲಿ ಮಂಡಿ ಆಪರೇಷನ್ ಆಯಿತು. ಅವಳಿಗೆ ಆಗ 72. ಹೊಲಿಗೆ ಬಿಚ್ಚುವವರೆಗೆ ಹತ್ತಿರದಲ್ಲೇ ಇರಿ ಅಂದರು ಡಾಕ್ಟರು. ಒಂದು ಆಪ್‌ನಲ್ಲಿ ಆಸ್ಪತ್ರೆ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ಫ್ಲ್ಯಾಟ್ ಹಿಡಿದೆ. ಲಿಫ್ಟ್ ಇದೆ, ಅಡುಗೆಮನೆ ಇದೆ, ಹತ್ತು ದಿನಕ್ಕೆ ದುಡ್ಡು ಪೂರ್ತಿ ಕಟ್ಟಿಯಾಯಿತು. ಹೊರಡುವ ಬೆಳಿಗ್ಗೆ ಮಾಲೀಕರಿಂದ ಒಂದು ಮೆಸೇಜ್ ಬಂತು: "ಸೆಕ್ಯೂರಿಟಿಯವರು ಕೇಳಿದರೆ ನಮ್ಮ ಚಿಕ್ಕಮ್ಮ ಅಂತ ಹೇಳಿ. ಆಪ್ ವಿಷಯ ಹೇಳಬೇಡಿ."

ನಾನು ಅದನ್ನು ಅವ್ವನಿಗೆ ಓದಿ ಹೇಳಿದೆ. ಅವಳು ಏನೂ ಅನ್ನಲಿಲ್ಲ.

ಗೇಟಿನಲ್ಲಿ ಕಾರು ನಿಂತಿತು. ಕಾವಲಿನ ಹುಡುಗ ಬಗ್ಗಿ ನೋಡಿದ. ವಾಕರ್ ಹಿಡಿದುಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದ ಅವ್ವನನ್ನೇ ಕೇಳಿದ. "ಅಮ್ಮ, ಓನರ್ ನಿಮಗೆ ಏನಾಗಬೇಕು?" ಅವ್ವ ನನ್ನ ಮುಖ ನೋಡಿದಳು. ಆಮೇಲೆ ಅವನಿಗೆ ಹೇಳಿದಳು. "ಏನೂ ಆಗಬೇಕಿಲ್ಲಪ್ಪ. ದುಡ್ಡು ಕೊಟ್ಟು ಬಂದೀವಿ."

ಮುಂದೆ ಏನಾಯಿತು ಅಂತ ಊಹಿಸಬಹುದು. ಸಂಘದ ಕಾರ್ಯದರ್ಶಿ ಬಂದರು. ದಿನದ ಬಾಡಿಗೆ ಇಲ್ಲಿ ನಡೆಯೋಲ್ಲ, ಮೂರು ಸಲ ನೋಟಿಸ್ ಕೊಟ್ಟಿದ್ದೇವೆ ಅಂದರು. ಮಾಲೀಕರಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಅವ್ವ ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚಿ ಒಂದು ಗಂಟೆ ಕೂತಿದ್ದಳು. ಕೊನೆಗೆ ಆ ಕಾರ್ಯದರ್ಶಿಯೇ ಎರಡು ದಿನ ಇರಿ, ಅಷ್ಟರಲ್ಲಿ ಬೇರೆ ನೋಡಿಕೊಳ್ಳಿ ಅಂದರು. ಸಂಜೆ ಅವರ ಮನೆಯಿಂದ ಗಂಜಿ ಬಂತು. ಅವರು ಕೆಟ್ಟವರಲ್ಲ. ಅವರು ಹೇಳಿದ್ದು ನನಗೆ ಇವತ್ತಿಗೂ ಸರಿ ಅನಿಸುತ್ತದೆ: "ವಾರಕ್ಕೆ ಮೂರು ಸಲ ಲಿಫ್ಟಿನಲ್ಲಿ ಹೊಸ ಮುಖ. ರಾತ್ರಿ ಎರಡಕ್ಕೆ ಬೆಲ್ಲು. ಕೆಳಗೆ ನಮ್ಮ ಮಕ್ಕಳು ಆಡ್ತಾರೆ. ಬಂದವರು ಯಾರು ಅಂತ ನಮಗೆ ಗೊತ್ತಾಗಬೇಕಲ್ವಾ ಸಾರ್?"

ಅವತ್ತು ರಾತ್ರಿ ಅವ್ವ ಮಲಗಲಿಲ್ಲ. ನೋವಾ ಅಂತ ಕೇಳಿದೆ. "ನೋವಿಗಲ್ಲ ಕಣಪ್ಪ. ಇನ್ನೊಬ್ಬರ ಮನೇಲಿ ಕದ್ದು ಕೂತಂಗೆ ಆಗೈತೆ" ಅಂದಳು. ಮಿಕ್ಕ ದಿನಗಳ ದುಡ್ಡು ಮೂರು ವಾರದ ನಂತರ ವಾಪಸ್ ಬಂತು. ಆದರೆ ನಾನು ಲೆಕ್ಕ ಇಟ್ಟಿರುವುದು ಆ ರಾತ್ರಿಯದು.

ಅದಕ್ಕೇ ನಿಮಗೆ ಹೇಳುತ್ತೇನೆ. ಮನೆ ನಿಮ್ಮದು, ನಿಜ. ಓಣಿ ನಿಮ್ಮೊಬ್ಬರದಲ್ಲ. ಕೊಡುವ ಮೊದಲು ಎಡಕ್ಕೊಂದು ಮನೆ, ಬಲಕ್ಕೊಂದು ಮನೆ, ಎದುರಿಗೊಂದು ಮನೆ, ಮೂರಕ್ಕೂ ಹೋಗಿ ಹೇಳಿ. ಅವರು ಬೇಡ ಅಂದರೆ ಯಾಕೆ ಅಂತ ಕೂತು ಕೇಳಿ. ಗಾಡಿ ಎಲ್ಲಿ ನಿಲ್ಲಿಸುತ್ತಾರೆ, ಎಷ್ಟು ಹೊತ್ತಿಗೆ ಸದ್ದು ನಿಲ್ಲಬೇಕು, ಕಸ ಎಲ್ಲಿಗೆ ಹಾಕುತ್ತಾರೆ, ಅವರ ಚಿಂತೆ ಇಷ್ಟೇ ಇರುತ್ತದೆ. ಬಂದವರಿಗೂ ನಿಜ ಹೇಳಿ. ಯಾರ ಬಾಯಲ್ಲೂ ಸುಳ್ಳು ಇಡಬೇಡಿ.

ಈ ಜಗಳ ಬೆಂಗಳೂರಿನದಷ್ಟೇ ಅಲ್ಲ. ನ್ಯೂಯಾರ್ಕ್ ನಗರ 2023ರ ಸೆಪ್ಟೆಂಬರ್‌ನಿಂದ ಒಂದು ಬಿಗಿ ಕಾನೂನು ಜಾರಿ ಮಾಡಿತು. 30 ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಕೊಡುವವರು ನಗರದಲ್ಲಿ ನೋಂದಾಯಿಸಬೇಕು, ಅತಿಥಿಗಳಿದ್ದಾಗ ತಾವೂ ಅದೇ ಮನೆಯಲ್ಲಿರಬೇಕು, ಇಬ್ಬರಿಗಿಂತ ಹೆಚ್ಚು ಅತಿಥಿಗಳನ್ನು ಸೇರಿಸುವಂತಿಲ್ಲ. ಬಾರ್ಸಿಲೋನಾ ಇನ್ನೂ ಮುಂದೆ ಹೋಯಿತು. ಅಲ್ಲಿ ಪ್ರವಾಸಿಗರಿಗೆ ಕೊಡುವ 10,101 ಫ್ಲ್ಯಾಟುಗಳ ಪರವಾನಗಿಯನ್ನು 2028ರ ನವೆಂಬರ್ ಹೊತ್ತಿಗೆ ಪೂರ್ತಿ ನಿಲ್ಲಿಸುತ್ತೇವೆ ಅಂತ 2024ರ ಜೂನ್‌ನಲ್ಲಿ ಮೇಯರ್ ಹೇಳಿದರು. ಊರಿನವರಿಗೇ ಬಾಡಿಗೆಗೆ ಮನೆ ಸಿಗದಂತಾಗಿತ್ತು, ಅದಕ್ಕೆ. ನಮ್ಮ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ (ಮಲಗಲು ಜಾಗ, ಬೆಳಗಿನ ತಿಂಡಿ) ಯೋಜನೆಯಲ್ಲೂ ನ್ಯೂಯಾರ್ಕಿನಂಥದೇ ಮಾತಿದೆ. ಒಂದರಿಂದ ಆರು ಕೋಣೆ, ಹೆಚ್ಚೆಂದರೆ 12 ಹಾಸಿಗೆ. ಮಾಲೀಕರು ಅದೇ ಮನೆಯಲ್ಲಿ ವಾಸ ಇರಬೇಕು. ನನ್ನ ಅನುಭವ ಈ ನಿಯಮದ ಪರವಾಗಿಯೇ ಇದೆ. ಕೆಳಗೆ ಯಾರೋ ಇದ್ದ ಮನೆಗಳಲ್ಲಿ ನಮಗೆ ತೊಂದರೆಯಾದದ್ದು ಕಡಿಮೆ. ಬಾಗಿಲಿಗೆ ನಂಬರ್ ಬೀಗ ಹಾಕಿ, ಬೇರೆ ಊರಲ್ಲಿ ಕೂತು ಫೋನಿನಲ್ಲೇ ನಡೆಸುವ ಮನೆಗಳಲ್ಲಿ ನೀರು ನಿಂತರೂ ಕೇಳುವವರಿಲ್ಲ.

ಇನ್ನೊಂದು ವಿಷಯ. ಇದನ್ನು ಹೇಳದೆ ಹೋದರೆ ನಾನು ಬಂದದ್ದೇ ದಂಡ.

ಒಮ್ಮೆ ಒಂದು ಮನೆಗೆ ಫೋನ್ ಮಾಡಿದೆ. ದಿನ, ಬಾಡಿಗೆ, ಎಲ್ಲ ಮಾತಾಯಿತು. ಕೊನೆಗೆ ಆ ಕಡೆಯವರು ಮೆಲ್ಲಗೆ ಕೇಳಿದರು. "ತಪ್ಪು ತಿಳ್ಕೋಬೇಡಿ, ನೀವು ಯಾವ ಜನ?" ನಾನು ಫೋನ್ ಇಟ್ಟೆ. ನನ್ನ ಗೆಳೆಯರೊಬ್ಬರಿಗೆ ಇದಕ್ಕಿಂತ ಹೆಚ್ಚಾಗಿದೆ. ಒಪ್ಪಿಕೊಂಡ ಮನೆ, ಅವರ ಹೆಸರು ಕೇಳಿದ ಅರ್ಧ ಗಂಟೆಗೆ "ನೆಂಟರು ಬರ್ತಿದ್ದಾರೆ" ಅಂತ ಇಲ್ಲವಾಯಿತು. ಲಾಡ್ಜಿನ ರಿಜಿಸ್ಟರಿನಲ್ಲಿ ಹೆಸರು, ಊರು, ಎಲ್ಲಿಂದ ಬಂದಿರಿ, ಯಾಕೆ ಬಂದಿರಿ ಅಂತ ಬರೆಯುತ್ತೇವೆ. ಅಲ್ಲಿ ಜಾತಿಯ ಕಾಲಂ ಇಲ್ಲ. ಲಾಡ್ಜಿನ ದೊಡ್ಡತನ ಅದು, ಅದನ್ನು ನಾವು ಒಪ್ಪಿಕೊಳ್ಳಬೇಕು.

ಅಮೆರಿಕದಲ್ಲಿ ಹಾರ್ವರ್ಡ್ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಐದು ನಗರಗಳಲ್ಲಿ ಏರ್‌ಬಿಎನ್‌ಬಿಯ ಸುಮಾರು 6,400 ಮನೆಗಳಿಗೆ ಕೋರಿಕೆ ಕಳಿಸಿದರು. ಎಲ್ಲ ಒಂದೇ ತರ, ಹೆಸರು ಮಾತ್ರ ಬೇರೆ. ಕರಿಯರ ಹೆಸರು ಅನಿಸುವ ಅತಿಥಿಗಳಿಗೆ ಒಪ್ಪಿಗೆ ಸಿಕ್ಕಿದ್ದು ಸುಮಾರು 16% ಕಡಿಮೆ. ಆಮೇಲೆ ಕಂಪನಿ ನಿಯಮ ಬದಲಿಸಿತು. ಬುಕಿಂಗ್ ಒಪ್ಪಿಕೊಳ್ಳುವವರೆಗೆ ಅತಿಥಿಯ ಫೋಟೋ ತೋರಿಸುವುದನ್ನು 2018ರಲ್ಲಿ ನಿಲ್ಲಿಸಿತು. ನಮ್ಮಲ್ಲಿ ಫೋಟೋ ಬೇಕಾಗಿಯೇ ಇಲ್ಲ. ಯಾವ ಕೇರಿ, ಏನು ಊಟ, ಮನೆದೇವರು ಯಾವುದು, ಹೀಗೆ ಸುತ್ತಿ ಬಳಸಿ ಕೇಳಿ ತಿಳಿದುಕೊಳ್ಳುತ್ತಾರೆ.

ನಿಮ್ಮ ಅಡುಗೆಮನೆಯಲ್ಲಿ ಮಾಂಸ ಬೇಯಿಸುವುದು ಬೇಡ ಅನಿಸಿದರೆ ಮೊದಲೇ ಬರೆಯಿರಿ. ಅದು ಪಾತ್ರೆಯ ಮಾತು, ಎಲ್ಲರಿಗೂ ಒಂದೇ. ಯಾವ ಜನ ಅಂತ ಕೇಳುವುದು ಬಾಗಿಲು ಹಾಕುವ ಕೆಲಸ. ಕೋಟೆ ನೋಡಲು ಬರುವ ಎಲ್ಲರಿಗೂ ಕೊಡಲು ಮನಸ್ಸಿಲ್ಲದಿದ್ದರೆ ಕೊಡಲೇಬೇಡಿ. ಮೇಲಿನ ಮನೆ ಖಾಲಿ ಇರಲಿ.

ಉಳಿದು ಹೋದವರು ಆಪ್‌ನಲ್ಲಿ ಬರೆಯುವ ರಿವ್ಯೂ ಬಗ್ಗೆ ಕೇಳಿದ್ದರು ಒಬ್ಬರು. ನಮ್ಮ ಜನಕ್ಕೆ ದಾಕ್ಷಿಣ್ಯ ಜಾಸ್ತಿ. ಕರಾವಳಿಯ ಒಂದು ಮನೆಯಲ್ಲಿ ನಮಗೆ ಬಚ್ಚಲಿನ ಬಾಗಿಲೇ ಸರಿಯಾಗಿ ಹಾಕುತ್ತಿರಲಿಲ್ಲ. ಆದರೆ ಮನೆಯವರು ದಿನಾ ಮಜ್ಜಿಗೆ ಕೊಟ್ಟರು. ನಾನು ಐದು ಸ್ಟಾರ್ ಒತ್ತಿ, ತುಂಬಾ ಚೆನ್ನಾಗಿತ್ತು ಅಂತ ಬರೆದೆ. ನಮ್ಮ ನಂತರ ಬಂದ ಹೆಣ್ಣುಮಕ್ಕಳಿಗೆ ಅದು ಅನ್ಯಾಯ. ಏರ್‌ಬಿಎನ್‌ಬಿಯಲ್ಲಿ ಎರಡೂ ಕಡೆಯವರು ಬರೆಯುವವರೆಗೆ, ಇಲ್ಲವೇ 14 ದಿನ ಕಳೆಯುವವರೆಗೆ, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ನಾವು ಕೆಟ್ಟದ್ದು ಬರೆದರೆ ಅವರೂ ಬರೆದಾರು ಅನ್ನುವ ಹೆದರಿಕೆ ಬೇಡ ಅಂತಲೇ ಹಾಗೆ ಮಾಡಿರುವುದು. ಆದರೆ ದಾಕ್ಷಿಣ್ಯ ಹೆದರಿಕೆಯಲ್ಲ. ಅದು ಉಂಡ ಮಜ್ಜಿಗೆಯ ಋಣ. ಆಮೇಲಿಂದ ನಾನು ಹೊರಡುವ ಮೊದಲು ಬಾಯಲ್ಲೇ ಹೇಳುತ್ತೇನೆ, ಬಾಗಿಲು ರಿಪೇರಿ ಮಾಡಿಸಿ ಅಂತ. ಹೇಳಿದ್ದನ್ನೇ ಬರೆಯುತ್ತೇನೆ. ಮನೆ ಹುಡುಕುವಾಗ ಬೇರೆಯವರ ರಿವ್ಯೂಗಳಲ್ಲಿ ಏನು ಬರೆದಿಲ್ಲ ಅಂತ ನೋಡುತ್ತೇನೆ. ಇಪ್ಪತ್ತು ಜನ ಹೊಗಳಿದ್ದಾರೆ, ಒಬ್ಬರೂ ನೀರಿನ ಮಾತೆತ್ತಿಲ್ಲ ಅಂದರೆ ಫೋನ್ ಮಾಡಿ ಕೇಳುತ್ತೇನೆ.

ಕ್ಯಾಮೆರಾ ಬಗ್ಗೆ ಒಂದೇ ಮಾತು. ಮನೆಯೊಳಗೆ ಎಲ್ಲೂ ಬೇಡ, ಹಾಲ್‌ನಲ್ಲೂ ಬೇಡ. 2024ರ ಏಪ್ರಿಲ್ ಕೊನೆಯಿಂದ ಏರ್‌ಬಿಎನ್‌ಬಿಯೂ ಒಳಗಿನ ಕ್ಯಾಮೆರಾ ನಿಷೇಧಿಸಿದೆ. ವಿದೇಶದವರು ಬಂದರೆ 24 ಗಂಟೆಯೊಳಗೆ ಸರ್ಕಾರಕ್ಕೆ ಮಾಹಿತಿ ಕೊಡಬೇಕು. ಅದು ಲಾಡ್ಜಿಗೆ ಮಾತ್ರ ಅಂದುಕೊಳ್ಳಬೇಡಿ, ಮನೆಗೂ ಅನ್ವಯ.

ಈಗ ನಮ್ಮ ಊರಿಗೆ ಬರುತ್ತೇನೆ.

ಚಿತ್ರದುರ್ಗಕ್ಕೆ ಬರುವವರು ನಮ್ಮಲ್ಲಿ ನಿಲ್ಲುವುದಿಲ್ಲ ಅಂತ ನಾವೆಲ್ಲ ಕೊರಗುತ್ತೇವೆ. ಹೆದ್ದಾರಿಯಿಂದ ಇಳಿಯುತ್ತಾರೆ, ಎರಡು ತಾಸು ಕೋಟೆ ಹತ್ತುತ್ತಾರೆ, ಹಂಪಿ ದಾರಿ ಹಿಡಿಯುತ್ತಾರೆ. ಬರುವುದೂ ಹನ್ನೊಂದು ಗಂಟೆಗೆ. ಅಷ್ಟು ಹೊತ್ತಿಗೆ ಬಂಡೆ ಕಾದು ಕೆಂಡ. ಮಕ್ಕಳು ಅಳುತ್ತವೆ, ಕೋತಿಗಳು ಚೀಲ ಎಳೆಯುತ್ತವೆ. ಓಬವ್ವನ ಕಿಂಡಿಯ ಹತ್ತಿರ ಒಂದು ಫೋಟೋ ತೆಗೆದುಕೊಂಡು ಇಳಿದುಬಿಡುತ್ತಾರೆ. ಒಂದು ರಾತ್ರಿ ಇಲ್ಲಿ ಮಲಗಿದವರು ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹತ್ತಬಹುದು. ಮಧ್ಯಾಹ್ನ ಚಂದ್ರವಳ್ಳಿಗೆ ಹೋಗಿ ಮಯೂರಶರ್ಮನ ಶಾಸನ ನೋಡಬಹುದು. ಅಲ್ಲಿ 1947ರಲ್ಲಿ ಪುರಾತತ್ವ ತಜ್ಞ ಮಾರ್ಟಿಮರ್ ವೀಲರ್ ಅಗೆದು ನೋಡಿದ ನೆಲ ಇದೆ. ಇನ್ನೊಂದು ದಿನ ಇದ್ದರೆ ಮೊಳಕಾಲ್ಮೂರಿನ ಕಡೆ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನೂ, ಮಗ್ಗದ ಮೇಲೆ ರೇಷ್ಮೆ ಸೀರೆಯನ್ನೂ ನೋಡಬಹುದು.

ಆದರೆ ನಮ್ಮದು ನೀರಿನ ಕಷ್ಟ ಉಂಡ ಊರು. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷದ ಮೇಲೆ. ಅದನ್ನು ನೋಡೋಕೆ ಅಂತಲೇ ನಮ್ಮ ಮನೆಗೆ ನೆಂಟರು ಬಂದು ಉಳಿದರು. ಮದುವೆಗೂ ಬಾರದವರು ನೀರು ನೋಡಲು ಬಂದರು. ನಲ್ಲಿ ನೀರು ಯಾವತ್ತು ಬರುತ್ತದೆ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಬೆಳೆದವರು ನಾವು. ಬರುವವರಿಂದ ಇದನ್ನು ಯಾಕೆ ಮುಚ್ಚಿಡಬೇಕು? ಬಚ್ಚಲಲ್ಲಿ ಎರಡು ಬಕೆಟ್ ತುಂಬಿಡಿ. ಟ್ಯಾಂಕ್ ಎಷ್ಟು ಲೀಟರಿನದು, ಮೋಟಾರು ಯಾವಾಗ ಹಾಕಬೇಕು ಅಂತ ಬರೆದಿಡಿ. ನಾಳೆ ಕೋಟೆಗೆ ಹೋದಾಗ ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿಯರ ಹೊಂಡ ನೋಡಿ ಅಂತ ಹೇಳಿ ಕಳಿಸಿ. ಮಳೆ ನೀರನ್ನು ಮೇಲಿನ ಹೊಂಡದಿಂದ ಕೆಳಗಿನ ಹೊಂಡಕ್ಕೆ ಹರಿಸಿ, ಊರಿನ ಸಿಹಿನೀರು ಹೊಂಡ, ಸಂತೆ ಹೊಂಡದವರೆಗೆ ತಂದ ಜನ ಇವರು ಅಂತ ಗೊತ್ತಾಗಲಿ. ರಾತ್ರಿ ಊಟವಾದ ಮೇಲೆ ನಿಮ್ಮ ಮನೆಯ ಅಜ್ಜಿ ಓಬವ್ವನ ಕತೆ ಹೇಳಲಿ. ಗಂಡ ಉಣ್ಣೋಕೆ ಕೂತಿದ್ದ, ಅವಳು ನೀರಿಗೆ ಅಂತ ಹೋದಳು, ಕಿಂಡಿಯಲ್ಲಿ ಸದ್ದು ಕೇಳಿತು. ನಮ್ಮ ಊರನ್ನು ಕಾದದ್ದೂ ನೀರಿಗೆ ಹೋದವಳೇ ಅಲ್ವಾ?

ದಾವಣಗೆರೆಯ ಲೆಕ್ಕ ಬೇರೆ. ಅಲ್ಲಿಗೆ ಬೆಣ್ಣೆ ದೋಸೆ ತಿನ್ನಲು ಬರುವವರು ತಿಂದು ಹೊರಡುತ್ತಾರೆ. ಉಳಿಯುವವರು ಆಸ್ಪತ್ರೆಗೆ ಬಂದವರು, ಕಾಲೇಜಿಗೆ ಮಕ್ಕಳನ್ನು ಸೇರಿಸಲು ಬಂದವರು. ಅವರಿಗೆ ಬೇಕಾದದ್ದು ಒಂದು ಒಲೆ, ಒಂದು ಕುಕ್ಕರ್, ನೆಲಮಹಡಿಯಲ್ಲಿ ಒಂದು ಕೋಣೆ. ಗಂಜಿ ಕಾಸಿ ಡಬ್ಬಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡುವವರಿಗೆ ಗೋಡೆಯ ಚಿತ್ರ, ಬಣ್ಣದ ದೀಪ ಬೇಕಿಲ್ಲ. ದಾವಣಗೆರೆಯಿಂದ ಬಂದವರು ಯಾರಾದರೂ ಇಲ್ಲಿದ್ದರೆ, ಅಂಥವರಿಗಾಗಿ ಒಂದೆರಡು ಮನೆ ಮಾಡಿ. ಬಾಡಿಗೆ ಸ್ವಲ್ಪ ಕಡಿಮೆ ಇಡಿ. ಕೈ ಮುಗಿದು ಕೇಳುತ್ತೇನೆ. ಬೆಂಗಳೂರಿನ ಆ ಗೇಟಿನಲ್ಲಿ ಕೂತು ಬಂದವನು ನಾನು.

ಬಾದಾಮಿಯ ಒಂದು ಬೆಳಗು ನೆನಪಾಗುತ್ತಿದೆ. 2017, ಆಪರೇಷನ್ನಿಗೆ ಮೊದಲು. ಗುಹೆಗಳಿಗೆ ಹತ್ತಿರದ ಓಣಿಯಲ್ಲಿ ಮನೆ. ಐದೂವರೆಗೆ ಬಾಗಿಲು ಬಡಿದ ಸದ್ದು. ಮನೆಯವರ ಸೊಸೆ ಎರಡು ಕೊಡ ಹಿಡಿದು ನಿಂತಿದ್ದರು. "ಅಮ್ಮಾರ, ನೀರ ಬಂದಾವ್ರಿ. ನೋಡಾಕ ಬರ್ತೀರೇನ್ರಿ?" ಅವ್ವ ಹಿಂದಿನ ದಿನ ಅವರನ್ನು ಕೇಳಿದ್ದಳಂತೆ, ನಿಮ್ಮಲ್ಲಿ ನೀರು ಹೆಂಗೆ ಅಂತ. ಒಂದು ಕೊಡ ಇಸಿದುಕೊಂಡು ಹೊರಟೇಬಿಟ್ಟಳು. ಮುಕ್ಕಾಲು ಗಂಟೆ ಬಿಟ್ಟು ಬಂದಾಗ ಆ ಓಣಿಯಲ್ಲಿ ಯಾರ ಮಗಳ ಮದುವೆ ಯಾವಾಗ, ಯಾರ ಎಮ್ಮೆ ಕರು ಹಾಕಿದೆ, ಎಲ್ಲ ಗೊತ್ತಿತ್ತು. ನಾವು ಹೊರಡುವಾಗ ನಾಲ್ಕು ಬಾಗಿಲಲ್ಲಿ ಜನ ನಿಂತು ಹೋಗಿ ಬರ್ರಿ ಅಂದರು.

ಮಾತು ಮುಗಿಸುವ ಹೊತ್ತಿಗೆ ಮೊದಲು ಹೇಳಿದೆನಲ್ಲ, ಆ ಹಿರಿಯರು ಎದ್ದು ಕೇಳಿದರು. "ಹಂಗಾದ್ರೆ ಮೊದಲು ಏನು ಮಾಡಬೇಕು? ಫೋಟೋ ತೆಗಿಸಬೇಕಾ?"

ಫೋಟೋ ಆಮೇಲೆ. ಮೊದಲು ನೀವೂ ಅಮ್ಮನವರೂ ಆ ಮೇಲಿನ ಮನೆಯಲ್ಲಿ ಎರಡು ರಾತ್ರಿ ಮಲಗಿ ಅಂದೆ. ಕೆಳಗಿನಿಂದ ಏನೂ ತರಿಸಿಕೊಳ್ಳಬೇಡಿ. ಕತ್ತಲಲ್ಲಿ ಸ್ವಿಚ್ ಕೈಗೆ ಸಿಗುತ್ತದಾ, ಮೆಟ್ಟಿಲಿಗೆ ಹಿಡಿಯಲು ಕಂಬಿ ಇದೆಯಾ, ಜೋಗಿಮಟ್ಟಿ ಕಡೆಯ ಗಾಳಿಗೆ ಕಿಟಕಿ ಬಡಿಯುತ್ತದಾ, ಬೆಳಿಗ್ಗೆ ನಾಲ್ಕೂವರೆಗೆ ಎಚ್ಚರವಾದರೆ ಟೀ ಕಾಸಿಕೊಳ್ಳಲು ಆಗುತ್ತದಾ, ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಅವರ ಪಕ್ಕ ಕೂತಿದ್ದ ಅಮ್ಮ ಅಲ್ಲೇ ಹೇಳಿದರು. "ಕಂಬಿ ಇಲ್ಲ. ಹತ್ತು ವರ್ಷದಿಂದ ಹೇಳ್ತಾ ಇದೀನಿ."